ವರಲಕ್ಷ್ಮಿ ಕಟ್ಟಿದ ಮುದ್ದೆ

"ನಾನು ಮದ್ದು ಹಾಕಿಲ್ಲ ಸಾರ್. ನೀವಾದ್ರೂ ನಂಬಿ," ಎಂದು ವರಲಕ್ಷ್ಮಿ ಬಾಗಿಲಲ್ಲೇ ನಿಂತು ಅತ್ತಾಗ, ನಿವೃತ್ತ ಇನ್‌ಸ್ಪೆಕ್ಟರ್ ವೆಂಕಟರವಣಪ್ಪನವರು ಕಾಫಿ ಲೋಟ ಕೆಳಗಿಟ್ಟರು. ಪಕ್ಕದಲ್ಲಿ ಕುಳಿತಿದ್ದ ಚಲಪತಿ ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ದಿಬ್ಬೂರಹಳ್ಳಿಯ ಎಷ್ಟೋ ಒಗಟುಗಳನ್ನು ಈ ಸ್ನೇಹಿತ ಬಿಡಿಸುವಾಗ ಅವರು ಜೊತೆಗಿದ್ದರು. ಕೊನೆಯವರೆಗೂ ತಬ್ಬಿಬ್ಬಾಗಿರುವುದೇ ಪ್ರತಿಸಲ ಅವರ ಪಾಲಿಗೆ ಬರುತ್ತಿತ್ತು.

ಹಿಂದಿನ ಮಧ್ಯಾಹ್ನ ಸೊಸೆ ಕಟ್ಟಿದ ಮುದ್ದೆ ಉಣ್ಣುತ್ತಲೇ ಅತ್ತೆ ಮಂಗಮ್ಮ ಗಂಟಲು ಹಿಡಿದುಕೊಂಡಿದ್ದಳು. ಆಮೇಲೆ ಉಗುಳು ನುಂಗಲೂ ಆಗಲಿಲ್ಲ. ಶಿಡ್ಲಘಟ್ಟದ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಎಕ್ಸ್‌ರೇ ತೆಗೆಸಿ, ಏನೂ ಕಾಣುತ್ತಿಲ್ಲ ಎಂದರು. ಹಾಗಾದರೆ ಯಾರೋ ಊಟದಲ್ಲಿ ಮದ್ದಿಟ್ಟಿದ್ದಾರೆ ಎಂದು ಊರು ತೀರ್ಮಾನಿಸಿತು. ಮಗ ರವಿಚಂದ್ರ ಹೆಂಡತಿಯನ್ನು ಇವತ್ತು ಸಂಜೆಯೇ ಗೌರಿಬಿದನೂರಿನ ತವರಿಗೆ ಅಟ್ಟಿ, ತಾಯಿಯನ್ನು ಮದ್ದು ತೆಗೆಯುವವನ ಬಳಿ ಕರೆದೊಯ್ಯಲು ಹೊರಟಿದ್ದ.

ಸ್ನೇಹಿತರಿಬ್ಬರೂ ಆ ಮನೆಗೆ ಹೋದರು. ಅವರು ಸಾಕಿದ್ದ ರೇಷ್ಮೆಹುಳು ಹಣ್ಣಾಗಿ ಗೂಡಿಗೆ ಸಿದ್ಧವಾಗುವ ಸಮಯವದು. ಹುಳು ಗೂಡು ಕಟ್ಟುವವರೆಗೆ ಮನೆಯವರು ಯಾರೂ ಮೀನು ಮಾಂಸ ಮುಟ್ಟಬಾರದು ಎಂಬುದು ಮಂಗಮ್ಮನೇ ಮಾಡಿದ ಕಟ್ಟಳೆ. ಹೋದ ಬೆಳೆಯಲ್ಲಿ ಹುಳು ಸತ್ತಾಗ, ಸೊಸೆಯೇ ಕದ್ದು ತಿಂದು ಬಂದಳೆಂದು ಅವಳ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದಳು. ಹುಳುಮನೆಯನ್ನು ಯಾರ ಕೈಗೂ ಬಿಡದ ಮಂಗಮ್ಮ ಈಗ ಹೊರಗೆ ಜಗಲಿಯ ಮೇಲೆ ಕೂತಿದ್ದಳು. ನಿನ್ನೆ ಊಟಕ್ಕೆ ಮುಂಚೆ ಕೆರೆಯಂಚಿನಲ್ಲಿರುವ ತಂಗಿ ಅಕ್ಕಯ್ಯಮ್ಮನ ಮನೆಯಿಂದ ಬಂದಾಗಿನಿಂದ ಅವಳು ಹುಳುಮನೆಯೊಳಗೆ ಕಾಲಿಟ್ಟಿರಲಿಲ್ಲವಂತೆ. ಒಂದು ಬೆಕ್ಕು ಅವಳು ನಿನ್ನೆಯಿಂದ ಉಟ್ಟಿದ್ದ ಸೀರೆಯ ಸೆರಗು ನೆಕ್ಕುತ್ತಿತ್ತು. ಮೇಷ್ಟ್ರು ಓಡಿಸಿದರೂ ಮತ್ತೆ ಬಂತು.

ನೋವೆಲ್ಲಿ ಎಂದು ಕೇಳಿದಾಗ ಮಂಗಮ್ಮ ಕತ್ತಿನ ಎಡಗಡೆ ಒಂದೇ ಬೆರಳಿಟ್ಟು ತೋರಿಸಿದಳು. ಹೇಗೆ ಉಂಡರೆಂದು ವೆಂಕಟರವಣಪ್ಪ ಸೊಸೆಯನ್ನು ಕೇಳಿದರು.

"ಸಾರು ಬಡಿಸೋಕೆ ಮುಂಚೇನೇ ಬರೀ ಮುದ್ದೆ ಇಸ್ಕೊಂಡ್ರು ಸಾರ್. ದೊಡ್ಡ ತುತ್ತು ಮಾಡಿ ನುಂಗಿದ್ರು. ಬಾಳೆಹಣ್ಣೂ ಕೇಳಿದ್ರು."

ಮೇಷ್ಟ್ರ ಗೊಂದಲ ಇನ್ನೂ ಹೆಚ್ಚಿತು. ವೆಂಕಟರವಣಪ್ಪನವರು ಎಲ್ಲರನ್ನೂ ಜಗಲಿಗೆ ಕರೆದರು.

"ಮದ್ದಾಗಿದ್ರೆ ಬಾಯೆಲ್ಲಾ, ಹೊಟ್ಟೆಯೆಲ್ಲಾ ಉರೀಬೇಕಿತ್ತು ಕಣಪ್ಪ ರವಿ. ನಿಮ್ಮಮ್ಮಂಗೆ ಒಂದೇ ಕಡೆ ಚುಚ್ತಾ ಇದೆ. ಅದು ಮೀನಿನ ಮುಳ್ಳು."

ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಮುದ್ದೆಯಿಂದ ನೋವು ಬರಲಿಲ್ಲ. ನೋವಿದ್ದದ್ದಕ್ಕೇ ಮಂಗಮ್ಮ ಮುದ್ದೆ ಕೇಳಿದ್ದು. ಮುಳ್ಳು ಸಿಕ್ಕಿದರೆ ಮುದ್ದೆ ನುಂಗಿ ತಳ್ಳುವುದು ಈ ಕಡೆ ಎಲ್ಲರ ಮನೆಯ ಉಪಾಯ. ಆ ತುತ್ತು ಮುಳ್ಳನ್ನು ಇನ್ನಷ್ಟು ಕೆಳಗೆ ನೆಟ್ಟಿತು. ಟಾರ್ಚ್ ಬೆಳಕು ಅಲ್ಲಿಗೆ ಹೋಗುವುದಿಲ್ಲ, ಸಣ್ಣ ಮುಳ್ಳು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೂ ಇಲ್ಲ. ತಂಗಿಯ ಮನೆಯಲ್ಲಿ ಏನು ತಿಂದಳೆಂಬುದನ್ನು ಕೈ ಒರೆಸಿದ ಸೆರಗು ಬೆಕ್ಕಿಗೆ ಹೇಳಿತ್ತು. ತನ್ನ ಕಟ್ಟಳೆ ತಾನೇ ಮುರಿದೆನೆಂಬ ಭಯಕ್ಕೆ ಅವಳು ಹುಳುಮನೆಯಿಂದ ದೂರ ಉಳಿದಿದ್ದಳು.

ಮಂಗಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡು ತಲೆಯಾಡಿಸಿದಳು. ರವಿಚಂದ್ರ ಹೆಂಡತಿಯ ಮುಖ ನೋಡಲಾರದೆ ಜೀಪು ತರಲು ಓಡಿದ.

ಆಗಿನ್ನೂ ಹೊಸದಾಗಿ ಜಿಲ್ಲೆಯಾಗಿದ್ದ ಚಿಕ್ಕಬಳ್ಳಾಪುರದಲ್ಲಿ ಗಂಟಲಿನ ಡಾಕ್ಟರ್ ತನುಜ ಮರಗಟ್ಟಿಸುವ ಔಷಧಿ ಸಿಂಪಡಿಸಿ, ದೀಪವಿದ್ದ ಕೊಳವೆ ಇಳಿಸಿ, ಇಕ್ಕಳದಿಂದ ಮುಳ್ಳು ತೆಗೆದರು. ಇನ್ನು ಯಾರಿಗೆ ಮುಳ್ಳು ಸಿಕ್ಕಿದರೂ ಮುದ್ದೆ, ಬಾಳೆಹಣ್ಣು ನುಂಗಿಸದೆ ನೇರ ಆಸ್ಪತ್ರೆಗೆ ಬನ್ನಿ ಎಂದು ಗದರಿದರು.

ಊರಿಗೆ ಮರಳಿದಾಗ ಹುಳು ಹಣ್ಣಾಗಿ ಹೊಳೆಯುತ್ತಿದ್ದವು. ಮಂಗಮ್ಮ ಮೀನು ತಿಂದಿದ್ದರೂ ಒಂದೂ ಸತ್ತಿರಲಿಲ್ಲ. ಅವಳು ಹುಳುಮನೆಯ ಹೊಸಿಲ ಬಳಿ ನಿಂತಳು.

"ಹೋದ ಬೆಳೇಲಿ ನೀನು ಮೀನು ತಿಂದಿರ್ಲಿಲ್ಲ, ಅಲ್ವೇನಮ್ಮ?" ಎಂದಳು, ಒಡೆದ ದನಿಯಲ್ಲಿ.

"ಇಲ್ಲ ಅತ್ತೆ. ಅವತ್ತೂ ಅದನ್ನೇ ಹೇಳಿದ್ದೆ," ಎಂದು ವರಲಕ್ಷ್ಮಿ ಹಣ್ಣಾದ ಹುಳು ಆರಿಸಲು ಹುಳುವಿನ ತಟ್ಟೆಯ ಒಂದು ಬದಿಯನ್ನು ಅತ್ತೆಯ ಕಡೆ ಸರಿಸಿದಳು.