ಮಾತು ಮುಗಿಯದೆ ದೋಣಿ ಬಿಡದ ತಂಪೂರು

ಮರಗಿಡಗಳಿಗೂ ಮಾತು ಬರುತ್ತಿದ್ದ ಒಂದಾನೊಂದು ಕಾಲದಲ್ಲಿ, ಬೋಳುಗುಡ್ಡದ ನೆತ್ತಿಯ ಮೇಲೆ ಬೆಳ್ಗಲ್ಲು ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಜನಕ್ಕೆ ಎಲ್ಲದಕ್ಕೂ ಅವಸರ. ಉಣ್ಣುವುದಕ್ಕೂ ಅವಸರ, ಮಲಗುವುದಕ್ಕೂ ಅವಸರ. ಮದುವೆ ಮನೆಯಲ್ಲಿ ತಾಳಿ ಕಟ್ಟುವ ಮೊದಲೇ ಊಟದ ಎಲೆ ಹಾಸಿಬಿಡುತ್ತಿದ್ದರು ಅಂದರೆ ನೋಡಿ! ಅಲ್ಲಿಯ ರಾಜಕುಮಾರ ಸೂರ್ಯಕೇತು ಅವಸರದಲ್ಲಿ ಅವರೆಲ್ಲರನ್ನೂ ಮೀರಿಸಿದವನು. ಯಾರಾದರೂ ಮಾತಿಗೆ ಬಾಯಿ ತೆರೆದರೆ ಸಾಕು, ಉಳಿದರ್ಧ ತಾನೇ ಆಡಿ ಮುಗಿಸಿ ಕುದುರೆ ಹತ್ತಿಬಿಡುತ್ತಿದ್ದ.

ಅವನಿಗೊಬ್ಬಳು ತಂಗಿ, ಪದ್ಮಲೆ. ಅವಳೆಂದರೆ ಅವನಿಗೆ ಪ್ರಾಣ. ಅವಳಿಗೋ ಊರೂರು ಸುತ್ತುವ, ಕಾಣದ್ದನ್ನು ಕಾಣುವ ಹುಚ್ಚು. ದೂರದ ನೀಲವೇಣಿ ನದಿಯ ಆಚೆಗೆ ಬಿಸಿಲು ನೆಲ ಮುಟ್ಟದಂಥ ಮಳೆಕಾಡು ಇದೆ ಅಂತ ಯಾರೋ ಹೇಳಿದ್ದೇ ತಡ, ಭಟರನ್ನು ಕರೆದುಕೊಂಡು ನೋಡಲು ಹೊರಟಳು. ಹಿಂದಿರುಗಿ ಬಂದದ್ದು ಭಟರು ಮಾತ್ರ.

"ಬುದ್ಧೀ, ಆ ಕಾಡಿನ ನಡುವೆ ಬಿರುಗಣ್ಣ ಅನ್ನೋ ಮಾಯಾವಿ ಇದಾನೆ. ರಾಜಕುಮಾರಿಯವರನ್ನ ಹಕ್ಕಿ ಮಾಡಿಬಿಟ್ಟ. ಅಲ್ಲಿ ಅಂಥ ಹಕ್ಕಿಗಳ ಹಿಂಡೇ ಇದೆ," ಎಂದು ಕಾಲಿಗೆ ಬಿದ್ದು ಗೋಳೋ ಎಂದು ಅತ್ತರು.

ಸೂರ್ಯಕೇತು ಕತ್ತಿ ಸಿಕ್ಕಿಸಿಕೊಂಡು ಎದ್ದ. ಅಪ್ಪ ಆಶೀರ್ವಾದ ಮಾಡಲು ಕೈ ಎತ್ತುವಷ್ಟರಲ್ಲಿ ಅವನ ಕುದುರೆ ಕೋಟೆ ಬಾಗಿಲು ದಾಟಿತ್ತು.

ಹಗಲೆಲ್ಲ ಓಡಿಸಿ, ಕುದುರೆ ಬದಲಿಸಿ ರಾತ್ರಿಯೆಲ್ಲ ಓಡಿಸಿ, ಕೊನೆಗೆ ಬೆಳಗಿನ ಹೊತ್ತಿಗೆ ನೀಲವೇಣಿಯ ದಡದ ತಂಪೂರಿಗೆ ಬಂದ. ಆಹಾ, ಅದೊಂದು ಪಟ್ಟಣ! ಮನೆಗಳೆಲ್ಲ ಮರದ ಕಂಬಗಳ ಮೇಲೆ, ಕೆಳಗೆ ನೀರು. ಪ್ರತಿ ಜಗಲಿಯಲ್ಲೂ ಒಂದು ಉಯ್ಯಾಲೆ, ಪ್ರತಿ ಉಯ್ಯಾಲೆಯಲ್ಲೂ ಒಬ್ಬರು ಒರಗಿಕೊಂಡವರು. ಸಂತೆಯಲ್ಲಿ ತಕ್ಕಡಿಯ ತಟ್ಟೆಯೊಳಗೆ ಬೆಕ್ಕು ಮಲಗಿದ್ದರೆ ಅದು ಏಳುವವರೆಗೂ ವ್ಯಾಪಾರವಿಲ್ಲ. ಕೊಳ್ಳಲು ಬಂದವರೂ ಪಕ್ಕದಲ್ಲೇ ಕೂತು ಹುಣಸೆಬೀಜ ಆಡುತ್ತಿದ್ದರು. ಮೀನಿನ ಸಾರಿನ ಘಮ ಬೀದಿ ತುಂಬಾ. ಹೊಟ್ಟೆ ತುಂಬಿದ ಊರು ಹೀಗೇ ಇರಬೇಕು, ನನ್ನನ್ನು ಕೇಳಿದರೆ.

ಸೂರ್ಯಕೇತು ಸೀದಾ ದೋಣಿ ಕಟ್ಟುವ ಕಡವಿಗೆ ಓಡಿದ. ದೋಣಿಯ ಹುಟ್ಟು ಹಿಡಿದು ಮುದ್ದವ್ವ ಎಂಬ ಅಂಬಿಗರ ಹೆಂಗಸು ಕೂತಿದ್ದಳು. ದೋಣಿಯಲ್ಲಿ ಒಬ್ಬ ಮುದುಕ ತನ್ನ ಎಮ್ಮೆಯ ವಿಷಯ ಏನೋ ಹೇಳುತ್ತಿದ್ದ.

"ಬೇಗ ಹಗ್ಗ ಬಿಚ್ಚವ್ವಾ! ನನ್ನ ತಂಗಿಯ ಪ್ರಾಣದ ಪ್ರಶ್ನೆ!"

"ಕೂತ್ಕೋ ಮಗರಾಯ," ಎಂದಳು ಮುದ್ದವ್ವ. "ದೋಣೀಲಿ ಶುರುವಾದ ಮಾತು ಮುಗಿಯೋ ತನಕ ತಂಪೂರಲ್ಲಿ ಯಾರೂ ಹಗ್ಗ ಬಿಚ್ಚಲ್ಲ. ನಮ್ಮ ಮುತ್ತಜ್ಜಿ ಕಾಲದಿಂದ ಹಾಗೇ."

ಮುದುಕ ಹೇಳಿದ, ಹೇಳಿದ, ಹೇಳುತ್ತಲೇ ಇದ್ದ. ಎಮ್ಮೆಯ ಅಮ್ಮ, ಎಮ್ಮೆಯ ಅಜ್ಜಿ, ಅವುಗಳ ಕೊಂಬಿನ ಅಂದಚೆಂದ ಎಲ್ಲ ಆಗಿ, ಹೊತ್ತು ನೆತ್ತಿಗೇರಿದಾಗ ಎಮ್ಮೆ ಕಳೆದುಹೋದ ಸಂಗತಿಗೆ ಬಂದು ನಿಲ್ಲಿಸಿದ.

"ಆಮೇಲೆ ಸಿಕ್ತೇನಜ್ಜಾ?" ಎಂದು ಮುದ್ದವ್ವ ಕೇಳಿದಳು.

"ಎಲ್ಲಿ ಸಿಕ್ತು ತಾಯಿ! ಬೆಳಗ್ಗೆ ಕಳೆದಿದ್ದು. ಆಚೆ ದಡದಲ್ಲಿ ಹುಡುಕೋಣ ಅಂತಲೇ ದೋಣಿ ಹತ್ತಿದ್ದು."

ದೋಣಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು, ಮುದುಕನೂ ನಕ್ಕ. ಸೂರ್ಯಕೇತು ಒಬ್ಬನೇ ತಲೆ ಚಚ್ಚಿಕೊಂಡ. ಕೊನೆಗೂ ದೋಣಿ ನದಿ ದಾಟಿತು. ಎಮ್ಮೆ ಆಚೆ ದಡದಲ್ಲಿ ಅವರಿಗಾಗಿಯೇ ಕಾದಂತೆ ನಿಂತಿತ್ತು. ಮುದುಕ ಇಳಿದ, ಎಲ್ಲರೂ ಇಳಿದರು. ಕಾಡಿನ ಒಳಗೆ ಹೋಗುವ ತೊರೆಯ ಕಡೆ ರಾಜಕುಮಾರ ಕೈ ತೋರಿಸಿದಾಗ ಮುದ್ದವ್ವ ಅವನ ಮುಖವನ್ನೊಮ್ಮೆ ನೋಡಿದಳು. "ಕಣ್ಣಲ್ಲಿ ನೀರು ತುಂಬ್ಕೊಂಡಿದೀಯ. ನಡಿ, ನಾನೂ ಬರ್ತೀನಿ," ಎಂದು ದೋಣಿಯನ್ನು ಅತ್ತ ತಿರುಗಿಸಿದಳು.

ಕಾಡೋ, ಹಗಲೇ ಹಸಿರುಗತ್ತಲೆ. ಒಂದು ಮರದ ಮೇಲೆ ಇನ್ನೊಂದು ಮರ, ಅದರ ಮೇಲೆ ಬಳ್ಳಿ, ಬಳ್ಳಿಯ ತುಂಬಾ ಹೂವು. ಮಳೆ ನಿಂತರೂ ಎಲೆಗಳಿಂದ ಮಳೆ ನಿಲ್ಲುತ್ತಿರಲಿಲ್ಲ. ಬೆಳಕು ಬೀರುವ ಅಣಬೆಗಳು ದಡದುದ್ದಕ್ಕೂ ಇದ್ದವು. ದುಃಖದಲ್ಲಿದ್ದರೂ ಸೂರ್ಯಕೇತುವಿಗೆ, 'ಇದನ್ನು ನೋಡಲು ಅವಳು ಬಂದದ್ದರಲ್ಲಿ ತಪ್ಪೇನಿದೆ' ಅನ್ನಿಸಿತು.

ತೊರೆ ಕಿರಿದಾದ ಕಡೆ, ಚಾವಡಿಯಷ್ಟು ದೊಡ್ಡ ಆಮೆಯೊಂದು ಅಡ್ಡ ಮಲಗಿತ್ತು.

"ದಾರಿ ಬಿಡು!" ಎಂದು ಸೂರ್ಯಕೇತು ಕತ್ತಿ ಹಿರಿದ.

ಆಮೆ ಚಿಪ್ಪಿನೊಳಗೆ ತಲೆ ಎಳೆದುಕೊಂಡಿತು. ಹೊಡೆದ, ಕತ್ತಿ ಬಾಗಿತು. ಮುದ್ದವ್ವ ಅವನನ್ನು ಪಕ್ಕಕ್ಕೆ ಸರಿಸಿ, "ಏನಪ್ಪಾ ಆಮೆರಾಯ, ಯಾಕೆ ಸಪ್ಪಗಿದೀಯ?" ಎಂದಳು. ತಲೆ ಹೊರಗೆ ಬಂತು. ಬೆನ್ನ ಮೇಲೆ ಪಾಚಿ ಬೆಳೆದು ತುರಿಕೆ, ಕೈ ಎಟಕುವುದಿಲ್ಲ ಎನ್ನುವಷ್ಟನ್ನು ಹೇಳಲು ಆಮೆ ಸಂಜೆ ಮಾಡಿತು. ಮುದ್ದವ್ವ ಒಂದು ಸಲವೂ ಆಕಳಿಸಲಿಲ್ಲ. ಕೊನೆಗೆ ಹುಟ್ಟಿನ ಅಂಚಿನಿಂದ ಪಾಚಿ ಕೆರೆದುಕೊಟ್ಟಳು. ಆಮೆ ಆನಂದದಿಂದ ಮುಳುಗಿತು, ದೋಣಿ ದಾಟಿತು.

ಮರುದಿನ ತೊರೆ ಮುಗಿದು ಕಾಲುದಾರಿ ಶುರುವಾಯಿತು. ದಾರಿಯ ನಡುವೆ ಒಂದು ಬಿಳಿ ಹುಲಿ, ಬಿರುಗಣ್ಣನ ಕಾವಲಿಗೆ ಇದ್ದದ್ದು.

"ನಾನು ಮರಿಯಾಗಿದ್ದಾಗ..." ಎಂದು ಹುಲಿ ಶುರು ಮಾಡಿತು.

"ಗೊತ್ತಾಯ್ತು, ಬೇಟೆ ಆಡ್ತಿದ್ದೆ, ಈಗ ಮುದಿಯಾಗಿದೀಯ. ಬಿಡು ದಾರಿ!" ಎಂದ ಸೂರ್ಯಕೇತು.

ಹುಲಿ ಗುರ್ರ್ ಎಂದು ಹಲ್ಲು ಬಿಟ್ಟು, "ನಾನು ಮರಿಯಾಗಿದ್ದಾಗ..." ಎಂದು ಮತ್ತೆ ಮೊದಲಿಂದ ತೆಗೆಯಿತು. ಅವನು ಬಾಯಿ ಹಾಕಿದಾಗಲೆಲ್ಲ ಅದು ಮರಿಯಾಯಿತು. ಕೊನೆಗೆ ಮುದ್ದವ್ವ, "ಅಯ್ಯೋ ಮಗರಾಯ, ನೀನು ಹೀಗೇ ಮಾಡಿದ್ರೆ ಇದು ಈ ಜನ್ಮದಲ್ಲಿ ದೊಡ್ಡದಾಗಲ್ಲ!" ಎಂದು ಗದರಿದಳು. ಸೂರ್ಯಕೇತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತ. ಮೊದಮೊದಲು ಚಡಪಡಿಸಿದ. ಆಮೇಲೆ, ತಾಯಿಯನ್ನು ಕಳಕೊಂಡ ಆ ಮರಿ ಮಳೆಯಲ್ಲಿ ನೆನೆದ ಕಡೆಗೆ ಬಂದಾಗ, ಅವನಿಗೇ ಗೊತ್ತಿಲ್ಲದಂತೆ ಹತ್ತಿರ ಸರಿದು ಕೂತಿದ್ದ. ಕಥೆ ಮುಗಿಯಿತು, ಹುಲಿ ಪಕ್ಕಕ್ಕೆ ಸರಿಯಿತು.

"ನಡಿಯವ್ವಾ," ಎಂದ.

"ನೀನು ಹೋಗು. ಇದು ಈಗ ತನ್ನ ಮದುವೆ ವಿಷಯ ತೆಗೆದಿದೆ. ನಡುವೆ ಎದ್ದು ಬಂದ್ರೆ ಹೇಗೆ?" ಎಂದಳು ಮುದ್ದವ್ವ.

ರಾಜಕುಮಾರ ಒಬ್ಬನೇ ನಡೆದ. ಕಾಡಿನ ನಡುವೆ ಒಂದು ಬಯಲು, ಬಯಲಲ್ಲೊಂದು ಒಂಟಿ ಮರ. ಮರದ ತುಂಬಾ ಬೂದಿ ಬಣ್ಣದ ಹಕ್ಕಿಗಳು, ಎಲ್ಲವೂ ಒಂದೇ ತೆರ. ಅಡಿಯಲ್ಲಿ ತಾಳೆಮರದಷ್ಟು ಎತ್ತರದ ಬಿರುಗಣ್ಣ ನಿಂತಿದ್ದ.

"ಬಾ ಬಾ! ಈ ಮರದ ನೆರಳು ಆ ಕರಿಬಂಡೆ ಮುಟ್ಟೋದ್ರೊಳಗೆ ನಿನ್ನ ತಂಗಿ ಯಾವಳು ಅಂತ ಬೆರಳು ಮಾಡಿ ತೋರಿಸು. ತಪ್ಪಿದ್ರೆ ನೀನೂ ಹಕ್ಕಿ. ತೋರಿಸದೆ ಇದ್ರೆ ಅವಳು ಎಂದೆಂದಿಗೂ ಹಕ್ಕಿ. ಹೂಂ, ಬೇಗ!"

ಸೂರ್ಯಕೇತು ಹಕ್ಕಿಯಿಂದ ಹಕ್ಕಿಗೆ ಕಣ್ಣು ಹೊರಳಿಸಿದ. ನೆರಳು ಹರಿದು ಬರುತ್ತಿತ್ತು. ಇದೇ ಇರಬಹುದು, ಅಲ್ಲ ಅದೇ ಇರಬಹುದು! ಬೆರಳು ಮೇಲೆದ್ದೇಬಿಟ್ಟಿತ್ತು. ಅಷ್ಟರಲ್ಲಿ ಹತ್ತಿರದ ಕೊಂಬೆಯ ಹಕ್ಕಿಯೊಂದು ಕಷ್ಟಪಟ್ಟು ಕೊಕ್ಕು ತೆರೆದು, "ನಾ... ನು..." ಎಂದಿತು.

ಅವನು ಬೆರಳು ಇಳಿಸಿದ. ಕೊಂಬೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ. "ಹೇಳು, ಕೇಳ್ತಾ ಇದೀನಿ," ಎಂದ.

ಒಂದೊಂದು ಅಕ್ಷರಕ್ಕೂ ಹಕ್ಕಿ ಉಸಿರು ಕಟ್ಟುತ್ತಿತ್ತು. ತಾನು ಗಿಡಮೂಲಿಕೆ ಹುಡುಕಿ ಬಂದ ಕೊರವಂಜಿ, ಹೆಸರು ಸಂಕವ್ವ, ಮನೆಯಲ್ಲಿ ಮೊಮ್ಮಗಳಿದ್ದಾಳೆ. ಇಷ್ಟು ಹೇಳಿ ಮುಗಿಸಿದ್ದೇ ಪುಕ್ಕಗಳು ಉದುರಿ, ಸಂಕವ್ವ ಹೆಂಗಸಾಗಿ ನೆಲಕ್ಕಿಳಿದಳು. ಬಿರುಗಣ್ಣ ಒಂದು ಗೇಣು ಕುಗ್ಗಿದ.

"ನೆರಳು ನೋಡೋ ದಡ್ಡಾ! ಇವಳೇನು ನಿನ್ನ ತಂಗಿಯಾ?" ಎಂದು ಅರಚಿದ.

ಎರಡನೆಯ ಹಕ್ಕಿ ಹೇಳತೊಡಗಿತು. ನೆರಳು ಬಂಡೆಯ ಹತ್ತಿರ ಬಂದಿತ್ತು. ತಡೆಯಲಾರದೆ ಸೂರ್ಯಕೇತು ನಡುವೆಯೇ ಎದ್ದು, "ಪದ್ಮಲೇ! ಎಲ್ಲಿದೀಯಮ್ಮಾ?" ಎಂದು ಕೂಗಿದ. ಮಾತು ಕಡಿದದ್ದೇ ತಡ, ಆ ಹಕ್ಕಿಯ ರೆಕ್ಕೆ ಜೋತುಬಿತ್ತು, ಸಂಕವ್ವನ ತೋಳಿನಲ್ಲಿ ಮತ್ತೆ ಪುಕ್ಕ ಮೂಡಿತು. ಅವನು ನಾಚಿ ಮತ್ತೆ ಕೂತ. "ತಪ್ಪಾಯ್ತು ಕಣಪ್ಪಾ. ಮೊದಲಿಂದ ಹೇಳು," ಎಂದ. ಹಾಗೆನ್ನುವಾಗ ಸೂರ್ಯಕೇತು ಅಳುತ್ತಿದ್ದ. ತಂಗಿಯನ್ನು ಕಳಕೊಂಡೆ ಅಂತಲೇ ಅವನಿಗೆ ಅನ್ನಿಸಿತ್ತು.

ನೆರಳು ಬಂಡೆ ಮುಟ್ಟಿತು. ಬಂಡೆ ದಾಟಿ ಆಚೆಗೂ ಹೋಯಿತು.

ಏನೂ ಆಗಲಿಲ್ಲ!

ನೋಡಿ, ಬಿರುಗಣ್ಣನ ಮಾಯೆಯಷ್ಟೂ ಬೆರಳು ಮಾಡಿದವರ ಮೇಲೆ. ಗಡುವು ಬರೀ ಬೊಗಳೆ. ಕಾಡಿಗೆ ಬಂದವರಿಗೆಲ್ಲ ಏನಾದರೊಂದನ್ನು ಬೆರಳು ಮಾಡಿ ತೋರಿಸೆಂದು ಅವನು ಇಂಥದೇ ಗಡುವು ಹಾಕುತ್ತಿದ್ದ; ಅದಕ್ಕೆ ಹೆದರಿ ಅವಸರದಲ್ಲಿ ಬೆರಳು ಮಾಡಿದವರೇ ಅಷ್ಟೂ ಜನ ಹಕ್ಕಿಗಳಾಗಿ ಕೂತಿದ್ದರು.

ಆಮೇಲೆ ಅವಸರ ಯಾರಿಗಿತ್ತು? ಎರಡನೆಯ ಹಕ್ಕಿ ಹೇಳಿ ಮುಗಿಸಿತು, ಸಂಕವ್ವನ ತೋಳಿನ ಪುಕ್ಕವೂ ಉದುರಿತು. ಒಂದೊಂದೇ ಹಕ್ಕಿ ಬಂತು, ಒಂದೊಂದೇ ಹೇಳಿತು. ಜೇನು ಕೀಳುವವ, ಬಳೆ ಮಾರುವವಳು, ಮಗನನ್ನು ಹುಡುಕಿ ಬಂದ ಅಪ್ಪ. ಎಲ್ಲರ ಮಾತನ್ನೂ ಸೂರ್ಯಕೇತು ಕೊನೆಯವರೆಗೂ ಕೇಳಿದ. ಒಬ್ಬೊಬ್ಬರು ಮುಗಿಸಿದಾಗಲೂ ಬಿರುಗಣ್ಣ ಕುಗ್ಗಿದ. ತಾಳೆಯಷ್ಟಿದ್ದವನು ಬಾಳೆಯಷ್ಟಾದ, ಬಾಳೆಯಷ್ಟಿದ್ದವನು ಬದನೆಕಾಯಿಯಷ್ಟಾದ. ಬೆಳಗಿನ ಬೆಳಕು ಹರಿದಾಗ ಮರದಲ್ಲಿ ಒಂದೇ ಒಂದು ಹಕ್ಕಿ ಉಳಿದಿತ್ತು. ಅದು ಮೇಲಿನ ಕೊಂಬೆಯಿಂದ ಹಾರಿ ಬಂದು ಅವನ ಮೊಣಕಾಲ ಮೇಲೆ ಕೂತು, ಎಲ್ಲಕ್ಕಿಂತ ನಿಧಾನವಾಗಿ, "ಅ... ಣ್ಣಾ... ನಾ... ನು... ಪ... ದ್ಮ... ಲೆ..." ಎಂದಿತು.

ಪುಕ್ಕ ಉದುರಿತು. ಬಿರುಗಣ್ಣ ಸಾಸಿವೆ ಕಾಳಿನಷ್ಟಾಗಿ ಎಲೆಯ ಕೆಳಗೆ ಓಡಿದ. ಅಲ್ಲೊಂದು ಕಪ್ಪೆ ನಾಲಿಗೆ ಚಾಚಿತು. ಅಲ್ಲಿಗೆ ಅವನ ಕಥೆ ಮುಗಿಯಿತು.

ಸೂರ್ಯಕೇತು ತಂಗಿಯನ್ನು ಅಪ್ಪಿಕೊಂಡು, "ಮೇಲಿಂದ ನೋಡ್ತಾನೇ ಇದ್ದೆಯಲ್ಲೇ! ಮೊದಲೇ ಬಂದು ಹೇಳಬಾರದಿತ್ತಾ? ನನ್ನ ಜೀವ ಹೋಗಿ ಬಂತು," ಎಂದು ಬೈದ.

ಪದ್ಮಲೆ ಕಣ್ಣೊರೆಸಿಕೊಂಡಳು. "ಇವರಲ್ಲಿ ಎಷ್ಟೋ ಜನರನ್ನ ಹುಡುಕಿಕೊಂಡು ಯಾರೂ ಬಂದಿರಲಿಲ್ಲ ಅಣ್ಣಾ. ನಾನು ಸಿಕ್ಕಿದ ತಕ್ಷಣ ನೀನು ಎದ್ದು ಹೊರಟುಬಿಟ್ಟರೆ ಇವರ ಗತಿಯೇನು ಅಂತ ಕೊನೆಗೆ ನಿಂತೆ," ಎಂದಳು.

ಸೂರ್ಯಕೇತುವಿಗೆ ತಂಗಿ ತನ್ನನ್ನು ಎಷ್ಟು ಸರಿಯಾಗಿ ಬಲ್ಲಳು ಎಂದು ನಾಚಿಕೆಯಾಯಿತು, ಇಂಥ ತಂಗಿ ತನ್ನವಳು ಎಂದು ಹಿಗ್ಗೂ ಆಯಿತು. ಹುಲಿಯ ಮದುವೆ ಕಥೆ ಕೇಳಿ ಮುಗಿಸಿದ್ದ ಮುದ್ದವ್ವ ಎಲ್ಲರನ್ನೂ ದೋಣಿಯಲ್ಲಿ ದಾಟಿಸಿದಳು. ಹಕ್ಕಿಯಾಗಿದ್ದವರೆಲ್ಲ ಅವರವರ ಊರಿಗೆ ಹೋಗಿ ಅವರವರ ಮಕ್ಕಳುಮರಿಗಳನ್ನು ಸೇರಿಕೊಂಡರು. ಅಣ್ಣ ತಂಗಿ ಬೆಳ್ಗಲ್ಲಿಗೆ ಹೇಳಿಕಳಿಸಿ, ತಂಪೂರಿನಲ್ಲಿ ಮಳೆಗಾಲ ಪೂರ್ತಿ ಮೀನಿನ ಸಾರು ಉಂಡುಕೊಂಡು, ಆ ಕಾಡಿನ ಮೂಲೆಮೂಲೆ ಸುತ್ತಿ ನೋಡಿದರು. ಅವರ ಬಾಳು ತಣ್ಣಗಿತ್ತು, ಕೇಳಿದ ನಿಮ್ಮ ಬಾಳೂ ತಣ್ಣಗಿರಲಿ.