ಕೊಡೆ ಅಂಗಡಿಯ ದಾರಿ

“ಇದನ್ನ ಯಾಕೆ ಹೊಡೆದು ಹಾಕಿದೀಯ?”

ತಾತನ ಬೆರಳು ಪ್ರವಾಸದ ಚಾರ್ಟಿನ ಮೂರನೇ ಕಾಲಮ್ಮಿನ, ಅಂದರೆ ಮೂರನೇ ದಿನದ, ಮೇಲೆ ನಿಂತಿತ್ತು. ಅಲ್ಲಿ ‘ಕೊಡೆ ಅಂಗಡಿ’ ಎಂದು ಬರೆದಿತ್ತು. ಅದರ ಮೇಲೆ ಕೆಂಪು ಸ್ಕೆಚ್ ಪೆನ್ನಿನ ದಪ್ಪ ಗೆರೆ.

“ಟೈಮ್ ಇಲ್ಲ ತಾತ,” ಎಂದಳು ಗಿಣಿ. “ನೋಡು, ಬೆಳಗ್ಗೆ ಕೇಬಲ್ ಕಾರ್. ಮಧ್ಯಾಹ್ನ ಅರವತ್ತು ಮಹಡಿ ಟವರ್. ಮೇಲೆ ಗಾಜಿನ ನೆಲ ಇದೆಯಂತೆ, ಕೆಳಗೆ ಕಾರುಗಳೆಲ್ಲ ಇರುವೆ ಥರ ಕಾಣ್ತವಂತೆ! ಸಂಜೆ ಮೀನಿನ ಸುರಂಗ. ಇನ್ನು ಕೊಡೆ ಅಂಗಡೀನ ಎಲ್ಲಿ ತೂರಿಸಲಿ?”

“ಮೀನಿಗೆ ಯಾಕಮ್ಮ ಸುರಂಗ?”

“ಅಯ್ಯೋ ತಾತ, ಸುರಂಗ ನಮಗೆ! ಸುತ್ತ ನೀರು. ಶಾರ್ಕ್ ನಮ್ಮ ತಲೆ ಮೇಲೇ ಹೋಗತ್ತೆ!”

“ಹಾಗಾದ್ರೆ ಹೋಗ್ಲಿ ಬಿಡು,” ಎಂದರು ತಾತ. “ಶಾರ್ಕ್ ಮುಂದೆ ಕೊಡೆ ಯಾವ ಮೂಲೆಗೆ?”

ಅವರು ನಕ್ಕೇ ಹೇಳಿದರು. ಆದರೂ ಎಣ್ಣೆ ಡಬ್ಬಿ ತೆಗೆದುಕೊಂಡು ಹಿತ್ತಿಲ ಬಾಗಿಲ ಕಡೆ ಹೋದರು. ತಾತ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಮನೆಯ ಯಾವ ಬಾಗಿಲೂ ಕಿರ್ ಎನ್ನುವಂತಿರಲಿಲ್ಲ. ಮನಸ್ಸಿಗೆ ಏನಾದರೂ ಆದಾಗಲಂತೂ ಕಿರ್ ಎನ್ನದ ಬಾಗಿಲಿಗೂ ಎಣ್ಣೆ ಬೀಳುತ್ತಿತ್ತು.

ಗಿಣಿಗೆ ಶಾಲೆಯಲ್ಲಿ ಉದ್ದನೆಯ ಹೆಸರೊಂದು ಇತ್ತು. ಮನೆಯಲ್ಲಿ ಮಾತ್ರ ಅವಳು ಗಿಣಿ. ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚುತ್ತಿರಲಿಲ್ಲವಲ್ಲ, ಅದಕ್ಕೆ. ರಜೆಯಲ್ಲಿ ನಾಲ್ಕು ದಿನ ಕಡಲಾಚೆಯ ಒಂದು ದೊಡ್ಡ ಊರಿಗೆ ಹೋಗುವುದು ಎಂದಾದಾಗ, “ಪ್ಲಾನ್ ಎಲ್ಲ ನೀನೇ ಮಾಡು, ನನ್ನ ತಲೆ ಮಾತ್ರ ತಿನ್ಬೇಡ,” ಎಂದು ಅಮ್ಮ ಹೇಳಿಬಿಟ್ಟಿದ್ದಳು. ಬೇಕರಿಯ ಕೆಲಸಕ್ಕೆ ದಿನಾ ನಾಲ್ಕು ಗಂಟೆಗೆ ಏಳುವ ಅಪ್ಪನದು ಒಂದೇ ಬೇಡಿಕೆ: “ಎಲ್ಲಿಗಾದ್ರೂ ಕರ್ಕೊಂಡು ಹೋಗಿ. ಬೆಳಗ್ಗೆ ಬೇಗ ಎಬ್ಬಿಸ್ಬೇಡಿ.”

ಮನೆಯಲ್ಲಿ ಆ ಊರನ್ನು ನೋಡಿದ್ದವರು ತಾತ ಒಬ್ಬರೇ. ಇಪ್ಪತ್ತಮೂರು ವರ್ಷದವರಾಗಿದ್ದಾಗ ಹಡಗು ಹತ್ತಿ ಹೋಗಿ, ಆರು ವರ್ಷ ಅಲ್ಲಿ ಲಿಫ್ಟ್ ಕೂರಿಸುವ ಕೆಲಸ ಮಾಡಿದ್ದರು. ಆಗ ಹತ್ತು ಮಹಡಿ ಅಂದರೆ ಜನ ಕತ್ತೆತ್ತಿ ನೋಡುತ್ತಿದ್ದರಂತೆ. ತಾತನ ರೂಮು ಒಂದು ಕೊಡೆ ಅಂಗಡಿಯ ಮೇಲೆ. ಅಂಗಡಿ ನಡೆಸುತ್ತಿದ್ದದ್ದು ಒಬ್ಬ ವಯಸ್ಸಾದ ಹೆಂಗಸು. ಅವಳ ಭಾಷೆ ತಾತನಿಗೆ ಬಾರದು, ತಾತನ ಭಾಷೆ ಅವಳಿಗೆ ಬಾರದು.

“ಮತ್ತೆ ಹೇಗೆ ಮಾತಾಡ್ತಿದ್ರಿ?” ಎಂದು ಗಿಣಿ ಒಮ್ಮೆ ಕೇಳಿದ್ದಳು. ಮಾತಿಲ್ಲದೆ ಬದುಕುವುದು ಹೇಗೆ ಎಂಬುದೇ ಅವಳಿಗೆ ತಿಳಿಯದು.

“ಕೈ ಇತ್ತು, ಕಣ್ಣಿತ್ತು. ಬೈಯೋಕೆ ಭಾಷೆ ಬೇಕೇ ಬೇಕು ಅಂತೇನಿಲ್ಲ. ನಾನು ಕೆಸರು ಬೂಟಲ್ಲಿ ಒಳಗೆ ಬಂದ್ರೆ ಕೊಡೆ ಹಿಡಿಯಿಂದ ಕಾಲಿಗೆ ಒಂದು ಕೊಡ್ತಿದ್ಲು!”

ಅಂಗಡಿಯವಳಿಗೆ ಮಂಡಿ ನೋವು. ಸಾಮಾನೆಲ್ಲ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಅದಕ್ಕೆ ತಾತ ಒಂದು ಭಾನುವಾರ ಕಿಟಕಿಗೆ ರಾಟೆ ಕಟ್ಟಿ, ಹಗ್ಗಕ್ಕೆ ಬುಟ್ಟಿ ಕಟ್ಟಿ, ಕೊಡೆಗಳೆಲ್ಲ ಮೇಲಿಂದ ಕೆಳಕ್ಕೆ ತಾವೇ ಇಳಿದು ಬರುವ ಹಾಗೆ ಮಾಡಿಕೊಟ್ಟರಂತೆ. ಮುಂದೆ ತಾತನಿಗೆ ಜ್ವರ ಬಂದಾಗ ಅದೇ ಬುಟ್ಟಿಯಲ್ಲಿ ಅವರ ಕಿಟಕಿಗೆ ಬಿಸಿ ಸೂಪ್ ಏರಿ ಬಂತಂತೆ.

ಕತೆಯೇನೋ ಚೆನ್ನಾಗಿತ್ತು. ಆದರೆ ಕತೆಗೆ ಅಂತ ಅರ್ಧ ದಿನ ಕೊಡುವುದಕ್ಕಾಗುತ್ತದೆಯೇ?

ಮಾರನೆಯ ಸಂಜೆ ಅಮ್ಮ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದ ಕೂಡಲೇ ಗಿಣಿ ಅವಳ ಮೊಬೈಲ್ ಇಸಿದುಕೊಂಡಳು. ಕೊಡೆ ಅಂಗಡಿ ಹೋಟೆಲಿಂದ ತುಂಬಾ ದೂರ ಎಂದು ಮ್ಯಾಪಿನಲ್ಲೇ ತೋರಿಸಿಬಿಟ್ಟರೆ ತಾತನಿಗೂ ಸಮಾಧಾನವಾಗುತ್ತದೆ ಎಂದುಕೊಂಡಳು. ಬೀದಿಯ ಹೆಸರು ಕೇಳಿದಾಗ ತಾತ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮನೆ ನಂಬರನ್ನೂ ಹೇಳಿದರು.

ಪರದೆಯ ಮೇಲೆ ಬಂದದ್ದು ಒಂದು ಮಾಲ್. ಎಂಟು ಮಹಡಿ, ಪೂರ್ತಿ ಗಾಜು. ಗಿಣಿ ಹಿಂದೆ ಮುಂದೆ ಸರಿಸಿ ನೋಡಿದಳು. ಅಂಗಡಿಗಳ ಸಾಲು ಇರಲಿಲ್ಲ. ಬೀದಿಯೇ ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ಎಲ್ಲ ಕೆಡವಿದರು ಎಂದು ಕೆಳಗೆ ಬರೆದಿತ್ತು.

‘ಸರಿ, ಗೆದ್ದೆ!’ ಎಂದುಕೊಂಡಳು ಮೊದಲು. ತಾತನಿಗೆ ಹೇಳಲು ಓಡಿದಳು.

ತಾತ ಹೊಸ ಶೂ ಹಾಕಿಕೊಂಡು ಹಾಲಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದರು.

“ಏನ್ ತಾತ ಇದು?”

“ಪ್ರಾಕ್ಟೀಸು. ಆ ಬೀದಿ ಸ್ವಲ್ಪ ಏರು.” ತಾತ ದನಿ ತಗ್ಗಿಸಿದರು. “ನೀನು ಯೋಚ್ನೆ ಮಾಡ್ಬೇಡ, ನಿನ್ನ ಚಾರ್ಟ್ ಕೆಡ್ಸಲ್ಲ. ಬೆಳಗ್ಗೆ ನೀವೆಲ್ಲ ಏಳೋದ್ರೊಳಗೆ ನಾನೊಬ್ನೇ ಹೋಗಿ, ಬಾಗಿಲು ನೋಡ್ಕೊಂಡು ಬಂದ್ಬಿಡ್ತೀನಿ. ಅಮ್ಮಂಗೆ ಹೇಳ್ಬೇಡ, ಬೈತಾಳೆ.”

ಗಿಣಿಯ ನಾಲಿಗೆ ತುದಿಗೆ ಬಂದ ಮಾತು ಅಲ್ಲೇ ಅಂಟಿಕೊಂಡಿತು. ಗೊತ್ತಿಲ್ಲದ ಊರಿನಲ್ಲಿ, ಬೆಳಬೆಳಗ್ಗೆ, ಮುಚ್ಚಿದ ಮಾಲ್ ಎದುರು ತಾತ ಒಬ್ಬರೇ ನಿಂತು ಅತ್ತಿತ್ತ ನೋಡುವುದು ಅವಳ ಕಣ್ಣಿಗೆ ಕಟ್ಟಿತು.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಮಾತಾಡಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿ, “ಜ್ವರ ಏನೂ ಇಲ್ವಲ್ಲ,” ಎಂದಳು.

ಎರಡು ದಿನ ಕಳೆಯಿತು. ಶಾಲೆ ಬಿಟ್ಟ ಮೇಲೆ ಅಮ್ಮ, ತಾತ, ಗಿಣಿ ಮೂವರೂ ಟ್ರಾವೆಲ್ಸ್ ಆಫೀಸಿಗೆ ಹೋದರು. ತಾತ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಮೇಜಿನ ಆಚೆ ಕೂತಿದ್ದ ಮೇಡಂ ನಗುತ್ತಾ, “ಆ ಊರು ಮುಂಚೆ ನೋಡಿದೀರಾ ಸರ್?” ಎಂದು ಕೇಳಿದರು.

“ನೋಡೋದೇನು, ಮೇಲಕ್ಕೆ ಎತ್ತಿದ್ದೇ ನಾನು!” ಎಂದರು ತಾತ. ಮೇಡಮ್ಮಿಗೆ ಅರ್ಥವಾಗಲಿಲ್ಲ. “ಲಿಫ್ಟಲ್ಲಿ,” ಎಂದು ಅಮ್ಮ ಬಿಡಿಸಿ ಹೇಳಿದಳು. ಎಲ್ಲರೂ ನಕ್ಕರು.

ಮೇಡಂ ಬಣ್ಣ ಬಣ್ಣದ ಪುಸ್ತಕವೊಂದನ್ನು ತೆರೆದರು. ಟವರ್ ತೋರಿಸಿದರು, ಸುರಂಗ ತೋರಿಸಿದರು. “ಶಾಪಿಂಗ್ ಮಾಡೋದಾದ್ರೆ ಇಲ್ಲಿಗೆ ಹೋಗಿ. ಹಳೇ ಬೀದಿ ಒಂದು ಇತ್ತಂತೆ, ಅದೇ ಹೆಸರನ್ನ ಮಾಲಿಗೂ…”

ಧಡ್! ಗಿಣಿ ಸ್ಕೂಲ್ ಬ್ಯಾಗನ್ನು ಪುಸ್ತಕದ ಮೇಲೆ ಇಟ್ಟು, ಅದರ ಮೇಲೆ ತಾನೂ ಒರಗಿದಳು. “ನಮಗೆ ಶಾಪಿಂಗ್ ಬೇಡ! ಮುಂದಿನ ಪೇಜ್, ಮುಂದಿನ ಪೇಜ್!”

“ಏನೇ ಇದು ಆಟ?” ಎಂದು ಅಮ್ಮ ಕಣ್ಣು ಬಿಟ್ಟಳು. ತಾತ ಬ್ಯಾಗಿನ ಕಡೆ ನೋಡಿದರು, ಆಮೇಲೆ ಗಿಣಿಯ ಕಡೆ.

ಅಮ್ಮ ಜೆರಾಕ್ಸ್ ಮಾಡಿಸಲು ಪಕ್ಕದ ಅಂಗಡಿಗೆ ಹೋದಳು. ತಾತ, ಗಿಣಿ ಹೊರಗಿನ ಬೆಂಚಿನಲ್ಲಿ ಕೂತರು. ಎದುರಿಗೆ ಬಸ್ಸುಗಳು ಬಂದು ನಿಂತು ಹೋಗುತ್ತಿದ್ದವು.

“ಪುಸ್ತಕದ ಮೇಲೆ ಯಾಕೆ ಬಿದ್ದೆ?” ಎಂದರು ತಾತ.

ಎರಡು ದಿನದಿಂದ ಕಟ್ಟಿಟ್ಟ ಮಾತು ಒಂದೇ ಸಲ ಹೊರಗೆ ಬಂತು. ಮ್ಯಾಪು, ಗಾಜು, ಎಂಟು ಮಹಡಿ, ಒಂಬತ್ತು ವರ್ಷ. ಕೊನೆಗೆ, “ನಾನೇನೂ ಮಾಡಿಲ್ಲ ತಾತ, ಬರೀ ನೋಡಿದೆ ಅಷ್ಟೇ,” ಎನ್ನುವಾಗ ಅವಳಿಗೆ ಅಳುವೇ ಬಂತು.

ಒಂದು ಬಸ್ಸು ಹೋಯಿತು. ಇನ್ನೊಂದೂ ಹೋಯಿತು.

“ಆಗ್ಲೇ ಅಂಗಡಿಯವಳಿಗೆ ಅರವತ್ತರ ಮೇಲೆ,” ಎಂದರು ತಾತ. “ಈಗ ಇದ್ದಿದ್ರೆ ನೂರು ದಾಟಿರ್ತಿತ್ತು. ನನಗೂ ಬುದ್ಧಿ ಇಲ್ಲ ನೋಡು. ಅವಳು ಇರಲ್ಲ ಅಂತ ಗೊತ್ತಿತ್ತು. ಆದ್ರೆ ಬಾಗಿಲು ಇರತ್ತೆ ಅಂದ್ಕೊಂಡಿದ್ದೆ.”

ಆಮೇಲೆ ಕರವಸ್ತ್ರ ತೆಗೆದು ಗಿಣಿಯ ಮೂಗು ಒರೆಸಿದರು. “ಒಳ್ಳೇದೇ ಆಯ್ತು ಬಿಡು. ನಿನ್ನ ಮೀನಿಗೆ ಈಗ ಆರಾಮಾಗಿ ಟೈಮ್ ಸಿಗತ್ತೆ.”

ಮೂರನೇ ಕಾಲಮ್ಮಿನಲ್ಲಿ ಇನ್ನು ಯಾರ ತಕರಾರೂ ಇರಲಿಲ್ಲ. ಮನೆಗೆ ಬಂದ ಗಿಣಿ ‘ಮೀನಿನ ಸುರಂಗ’ ಎಂಬುದಕ್ಕೆ ನೀಲಿ ಬಣ್ಣ ತುಂಬಲು ಕೂತಳು. ಶಾರ್ಕಿಗೆ ಹಲ್ಲು ಬರೆಯುವಷ್ಟರಲ್ಲಿ ಬೇಸರ ಬಂತು. ಹಾಲಿನಲ್ಲಿ ತಾತನ ಶೂ ಕಾಣಲಿಲ್ಲ. ಮತ್ತೆ ಡಬ್ಬಿ ಸೇರಿ, ಡಬ್ಬಿ ಬೀರುವಿನ ಮೇಲೆ ಹೋಗಿತ್ತು. ಶುಕ್ರವಾರವೂ ಅದು ಕೆಳಗೆ ಇಳಿಯಲಿಲ್ಲ.

ಶನಿವಾರ ಮಧ್ಯಾಹ್ನ ತಾತ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ಗಿಣಿ ಮೊಬೈಲ್ ಹಿಡಿದುಕೊಂಡು ಬಂದು ಅವರ ಪಕ್ಕ ತೂರಿ ಕೂತಳು.

“ತಾತ, ಕೆಲ್ಸ ಮುಗಿಸಿ ಬಸ್ ಇಳೀತಿದ್ಯಲ್ಲ, ಅಲ್ಲಿಂದ ರೂಮಿಗೆ ಹೇಗೆ ಹೋಗ್ತಿದ್ದೆ?”

“ಈಗ ಯಾಕದು?”

“ಹೇಳು ತಾತ. ಮೂರನೇ ದಿನ ನಾನೂ ನೀನೂ ಹೋಗೋದು. ದಾರಿ ಗೊತ್ತಿಲ್ದೆ ಹೇಗೆ ಹೋಗೋದು?”

“ಅಲ್ಲಿ ನೋಡೋಕೆ ಏನೂ ಇಲ್ವಲ್ಲೇ.”

“ಬಸ್ ಸ್ಟಾಪ್ ಇದೆ. ನೋಡು, ಇಲ್ಲೇ ಇದೆ. ಇಳಿದ್ವಿ. ಆಮೇಲೆ?”

ತಾತ ಪರದೆಯನ್ನು ಹತ್ತಿರ ತಂದು ನೋಡಿದರು, ದೂರ ಹಿಡಿದು ನೋಡಿದರು. ಅವರಿಗೆ ಏನೂ ಗುರುತು ಸಿಕ್ಕಲಿಲ್ಲ. ಮೊಬೈಲನ್ನು ಅವಳ ಕೈಗೇ ಕೊಟ್ಟು ಕಣ್ಣು ಮುಚ್ಚಿದರು.

“ಇಳಿದ ಕೂಡ್ಲೇ ಬಲಕ್ಕೆ,” ಎಂದರು ನಿಧಾನವಾಗಿ. “ಮರದ ಹಲಗೆ ಮಾರೋ ಅಂಗಡಿ. ಆ ವಾಸನೆ… ಮಳೆ ನಿಂತ ಮೇಲೆ ಇನ್ನೂ ಜೋರು. ಅದು ದಾಟಿದ್ರೆ ಒಂದು ಕಾಲುವೆ.”

ಗಿಣಿ ಬೆರಳಿನಿಂದ ರಸ್ತೆಯ ಚಿತ್ರವನ್ನು ಸರಿಸಿದಳು. ಹಲಗೆ ಅಂಗಡಿ ಇದ್ದ ಕಡೆ ಬ್ಯಾಂಕ್ ಇತ್ತು. ಅದರ ಪಕ್ಕದಲ್ಲಿ, ಹೊಸ ಕಂಬಿಗಳ ನಡುವೆ, ಕಾಲುವೆ!

“ತಾತ, ಕಾಲುವೆ ಇದೆ!”

“ಇದ್ದೇ ಇರತ್ತೆ. ನೀರು ಎಲ್ಲಿಗೆ ಹೋಗತ್ತೆ? ಅದಕ್ಕೆ ಸಣ್ಣ ಸೇತುವೆ. ಕ್ಷೌರದವನು ಅದರ ಮೇಲೇ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ದ. ಅರ್ಧ ಗಡ್ಡ ಬೋಳಿಸಿ, ಗೆಳೆಯ ಬಂದ ಅಂತ ಎದ್ದು ಹೋಗ್ಬಿಡೋನು. ನಾನು ಅರ್ಧ ಗಡ್ಡದಲ್ಲಿ ಕಾಯ್ತಾ ಕೂತಿರ್ತಿದ್ದೆ, ಬೀದಿ ಮಕ್ಕಳೆಲ್ಲ ಸುತ್ತ ನಿಂತು ನಗೋರು.”

ಗಿಣಿ ಕಿಲಕಿಲ ನಕ್ಕಳು. ಸೇತುವೆಯನ್ನು ಹುಡುಕಲು ಮತ್ತೊಮ್ಮೆ ಬೆರಳು ಸರಿಸಿದಳು. ಪರದೆಯ ಅಂಚಿನಲ್ಲಿ ಗಾಜಿನ ಗೋಡೆಯ ಮೂಲೆಯೊಂದು ಕಾಣಿಸಿಕೊಂಡಿತು. ಇನ್ನೊಂದು ಸಲ ಸರಿಸಿದರೆ ಪೂರ್ತಿ ಮಾಲ್ ಬರುತ್ತಿತ್ತು.

ಅವಳು ತಲೆಯೆತ್ತಿ ತಾತನ ಮುಖ ನೋಡಿದಳು. ಅವರ ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಒಂದು ಕಾಲು ಮೆಟ್ಟಿಲ ಮೇಲೆ ಮೆಲ್ಲಗೆ ಅಲ್ಲಾಡುತ್ತಿತ್ತು, ನಡೆಯುತ್ತಿರುವವರ ಕಾಲಿನ ಹಾಗೆ.

“ಸೇತುವೆ ಇಳಿದ್ರೆ ಎರಡು ಮೆಟ್ಟಿಲು,” ಎಂದರು ತಾತ. “ಹುಷಾರು, ಎರಡನೇದು ಮುರಿದಿದೆ.”

ಗಿಣಿ ಮೊಬೈಲನ್ನು ಸದ್ದಾಗದ ಹಾಗೆ ಮಡಿಲಲ್ಲಿ ಕವುಚಿಟ್ಟಳು. ತಾತನ ಕೈ ಹಿಡಿದುಕೊಂಡು ತಾನೂ ಕಣ್ಣು ಮುಚ್ಚಿದಳು.

“ಇಳಿದೆ ತಾತ,” ಎಂದಳು. “ಈಗ ಎಡಕ್ಕಾ, ಬಲಕ್ಕಾ?”