ಚಾರ್ಟಿನಲ್ಲಿ ಒಂದು ನೀಲಿ ಚುಕ್ಕಿ

ಟೆಸ್ಟ್ ಅರ್ಧವೂ ಆಗಿರಲಿಲ್ಲ, ಗಿರಗಿಟ್ಲೆ ಕುರ್ಚಿ ಬಿಟ್ಟು ಎದ್ದೇಬಿಟ್ಟಳು. ಮನೆಯವರು ಅವಳನ್ನು ಕರೆಯುತ್ತಿದ್ದುದೇ ಹಾಗೆ. ಕಾಲು ಓಡದಿದ್ದರೆ ಅವಳ ತಲೆಯೂ ಓಡುತ್ತಿರಲಿಲ್ಲ.

"ಎದ್ರೆ ಲೆಕ್ಕಕ್ಕೆ ಬರಲ್ಲ ಪುಟ್ಟಿ," ಎಂದರು ಸಂಶೋಧನೆ ಮಾಡುವ ಅಕ್ಕ.

ನಲವತ್ತು ನಿಮಿಷ ಅಲ್ಲಾಡದೆ ಕೂತು ಚಿತ್ರಗಳನ್ನು ನೆನಪಿಟ್ಟುಕೊಳ್ಳಬೇಕು. ಮುಗಿಸಿದ ಪ್ರತಿ ಮಗುವಿಗೂ ಗೋಡೆಯ ಚಾರ್ಟಿನಲ್ಲಿ ಒಂದು ನೀಲಿ ಚುಕ್ಕಿ. ಅವುಗಳ ನಡುವೆ ತನ್ನದೂ ಒಂದಿರಬೇಕೆಂದು ಗಿರಗಿಟ್ಲೆಗೆ ತುಂಬ ಆಸೆ. ಸ್ಕೂಲಿನ ಗ್ರೂಪ್ ಫೋಟೋದಲ್ಲೂ ಅವಳಿಲ್ಲ. "ನೀನು ಅಲ್ಲಾಡ್ತೀಯ" ಎಂದು ಪಕ್ಕಕ್ಕೆ ನಿಲ್ಲಿಸಿದ್ದರು.

"ಅಕ್ಕಾ, ಈ ಸ್ಟಡಿ ಯಾರ ಬಗ್ಗೆ?"

"ನಿನ್ನಂಥ ಮಕ್ಕಳ ಬಗ್ಗೇನೇ. ಕೂತಲ್ಲಿ ಕೂರೋಕಾಗದವರು ಹೇಗೆ ಕಲೀತಾರೆ ಅಂತ."

"ಮತ್ತೆ ಚಾರ್ಟಲ್ಲಿರೋರೆಲ್ಲ ಕೂತಿದ್ರಲ್ಲ?"

ಅಕ್ಕ ಕಕ್ಕಾಬಿಕ್ಕಿಯಾದರು. ಡ್ರಾಯರ್ ಎಳೆದು, ಬದಿಗಿಟ್ಟಿದ್ದ ಹಾಳೆಗಳನ್ನು ಎಣಿಸಿದರು. ಹನ್ನೊಂದು ಮಕ್ಕಳು ನಡುವೆಯೇ ಎದ್ದಿದ್ದರು.

"ಅಯ್ಯೋ, ಯಾರ ಬಗ್ಗೆ ತಿಳ್ಕೋಬೇಕಿತ್ತೋ ಅವರನ್ನೇ ಹೊರಗಿಟ್ಟಿದ್ದೀನಿ. ಏನ್ ಬದಲಾಯಿಸ್ಬೇಕು, ನೀನೇ ಹೇಳು."

ಕೇಳಿದ ಮೇಲೆ ಗಿರಗಿಟ್ಲೆ ಬಿಡುತ್ತಾಳೆಯೇ? ಉದ್ದದೊಂದು ಪಟ್ಟಿಯನ್ನೇ ಕೊಟ್ಟಳು. ಮುಂದಿನ ಶನಿವಾರ ಅವಳು ಬಂದಾಗ ಗುಂಯ್‌ಗುಡುವ ಟ್ಯೂಬ್‌ಲೈಟ್ ಆಫ್ ಆಗಿತ್ತು, ಚಿತ್ರಗಳೆಲ್ಲ ಗೋಡೆಯ ಸುತ್ತ ಅಂಟಿದ್ದವು. ರೂಮಿನಲ್ಲಿ ಸುತ್ತು ಹಾಕುತ್ತಾ ಹಾಕುತ್ತಾ ಅವಳು ಟೆಸ್ಟ್ ಪೂರ್ತಿ ಮುಗಿಸಿದಳು.

"ಈಗ ನನ್ನ ಚುಕ್ಕಿ?"

ಅಕ್ಕ ಅವಳ ಎದುರು ಮಂಡಿಯೂರಿ ಕೂತರು. "ನೀನು ಈ ಚಿತ್ರಗಳನ್ನ ಹೋದ ವಾರಾನೇ ನೋಡಿಬಿಟ್ಟಿದ್ದೆ. ನಿಂದು ಹಾಕಿದ್ರೆ ಸ್ಟಡಿ ಸುಳ್ಳಾಗುತ್ತೆ. ಮೊದಲೇ ಹೇಳ್ಬೇಕಿತ್ತು ನಾನು. ಸಾರಿ ಪುಟ್ಟಿ."

ಗಿರಗಿಟ್ಲೆಗೆ ಅಳು ಒತ್ತರಿಸಿ ಬಂತು. ಹೊರಗೆ ಬೆಂಚಿನ ಮೇಲಿದ್ದ ಅಮ್ಮನ ತೋಳಿಗೆ ಮುಖ ಒರಗಿಸಿ ಕೂತಳು.

ಅಷ್ಟರಲ್ಲಿ ಒಬ್ಬ ತಾತ ಮೊಮ್ಮಗಳ ಕೈ ಹಿಡಿದು ಬಂದರು. ಆ ಪುಟ್ಟ ಹುಡುಗಿ ನಿಂತಲ್ಲೇ ಕುಣಿಯುತ್ತಿದ್ದಳು.

"ಇವಳು ಒಂದು ಕಡೆ ಕೂರೋಳಲ್ಲಮ್ಮ," ಎಂದು ತಾತ ಬಾಗಿಲಿಗೆ ಬಂದ ಅಕ್ಕನ ಎದುರು ಸಂಕೋಚಪಟ್ಟರು.

"ಕೂರೋದೇ ಬೇಡ ತಾತ," ಎಂದಳು ಗಿರಗಿಟ್ಲೆ, ಮೂಗು ಒರೆಸಿಕೊಂಡು.

ಬಾಗಿಲು ಮುಚ್ಚಿತು. ಒಳಗೆ ಪುಟ್ಟ ಹೆಜ್ಜೆಗಳು ಸುತ್ತತೊಡಗಿದವು. ಎಷ್ಟು ಹೊತ್ತಾದರೂ ಯಾರೂ ಅವನ್ನು ನಿಲ್ಲಿಸಲಿಲ್ಲ.

"ಹೊರಡೋಣ್ವಾ?" ಎಂದರು ಅಮ್ಮ.

"ಇರಮ್ಮ. ಅವಳ ಚುಕ್ಕಿ ಹಾಕೋದನ್ನ ನೋಡ್ಕೊಂಡು ಹೋಗೋಣ."